ನೀರಿನೊಡನೆ ಬರುವ ಎರಡು ಜ್ವರಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳ ಸೀಮೆಯನ್ನು ಬಲ್ಲವರಿಗೆ ಅಲ್ಲಿಯ ನೀರಿನ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಪಡುವಣದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಡಗಲಿ, ಹರಪನಹಳ್ಳಿಗಳಿಗೆ ಸೇರಿದ ತೀರದ ಗ್ರಾಮಗಳಲ್ಲಿ ಬತ್ತದ ಗದ್ದೆಗಳಲ್ಲಿ ನೀರು ನಿಂತು ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅಲ್ಲಿಂದ ಮೂಡಣಕ್ಕೆ ನಡೆದು ಕೊಟ್ಟೂರನ್ನು ದಾಟಿ ಕೂಡ್ಲಿಗಿಯ ಕಡೆಗೆ ಬಂದರೆ ಬಂಡೆಗಳೂ ಕುರುಚಲು ಗಿಡಗಳೂ ಸೇಂಗಾ ಹೊಲಗಳೂ ಕಾಣುವುವಲ್ಲದೆ ಹರಿಯುವ ನೀರು ಕಾಣುವುದು ಅಪರೂಪ. ಅಲ್ಲಿ ನೀರೆಂದರೆ ನಳದಲ್ಲಿ ಬಂದ ದಿನ ಹಿಡಿದು, ಬಾರದ ದಿನಗಳಿಗೆಂದು ಹಂಡೆಯಲ್ಲಿಯೂ ತೊಟ್ಟಿಯಲ್ಲಿಯೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಯೂ ತುಂಬಿಟ್ಟುಕೊಳ್ಳತಕ್ಕ ಪದಾರ್ಥ.

ಈ ಎರಡು ಬಗೆಯ ನೀರಿಗೂ ಮಕ್ಕಳ ಎರಡು ಬಗೆಯ ಜ್ವರಗಳಿಗೂ ಇರುವ ಸಂಬಂಧವನ್ನು ವೈದ್ಯಶಾಸ್ತ್ರಜ್ಞರು ಕಳೆದ ನೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡಿಸಿ ತೋರಿಸಿದ್ದಾರೆ. ನೀರು ಹರಡಿ ನಿಂತಲ್ಲಿ ಹುಟ್ಟುವ ಸೊಳ್ಳೆಯು ತರುವ ಜ್ವರವು ಮೆದುಳಿಗೆ ಏರುತ್ತದೆ. ನೀರು ಸಾಲದೆ ಕೂಡಿಟ್ಟಲ್ಲಿ ಹುಟ್ಟುವ ಸೊಳ್ಳೆಯು ತರುವ ಜ್ವರವು ರಕ್ತವನ್ನು ಕೆಡಿಸುತ್ತದೆ. ಮೊದಲನೆಯದು ಜಪಾನೀ ಮೆದುಳುಜ್ವರ, ಎರಡನೆಯದು ಡೆಂಗಿ. ಇವೆರಡರ ವೈರಸ್ಸುಗಳೂ ಒಂದೇ ಕುಲದ ದಾಯಾದಿಗಳು. ಎರಡಕ್ಕೂ ನೆಲೆಯಾಗಬಲ್ಲ ಸೀಮೆ ನಮ್ಮದಾದಕಾರಣ ಈ ಸಂಶೋಧನೆಗಳ ವೃತ್ತಾಂತವು ನಮ್ಮ ಮನೆಗಳ ತಾಯಂದಿರಿಗೆ ತಿಳಿದಿರಬೇಕೆಂದು ನಾವು ಬಯಸುತ್ತೇವೆ.

ಮೆದುಳುಜ್ವರವನ್ನೇ ಮೊದಲು ತೆಗೆದುಕೊಳ್ಳೋಣ. 1924ರ ಬೇಸಗೆಯಲ್ಲಿ ಜಪಾನ್ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರು ಈ ಜ್ವರಕ್ಕೆ ತುತ್ತಾದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ. 1935ರಲ್ಲಿ ಅಲ್ಲಿಯ ವಿಜ್ಞಾನಿಗಳು ಮೃತನಾದ ಒಬ್ಬ ರೋಗಿಯ ಮೆದುಳಿನಿಂದ ವೈರಸ್ಸನ್ನು ಬೇರ್ಪಡಿಸಿದರು. ಆ ದೇಶದ ಹೆಸರು ರೋಗಕ್ಕೆ ಅಂಟಿಕೊಂಡಿತು. ನಮ್ಮ ದೇಶದಲ್ಲಿ ರೋಗಿಗಳು ಮೊದಲು ಗುರುತಿಸಲ್ಪಟ್ಟದ್ದು 1955ರಲ್ಲಿ, ಅಂದಿನ ಮದರಾಸು ಸಂಸ್ಥಾನದ ವೆಲ್ಲೂರಿನಲ್ಲಿ. ನಮ್ಮ ಈ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಬೇರೆಯಾಗಿ ಮೈಸೂರಿಗೆ ಸೇರಿ ಆಗ ಎರಡೇ ವರ್ಷವಾಗಿತ್ತು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರವು ಅಂದಿನಿಂದ ಈ ರೋಗದ ಬೆನ್ನು ಹತ್ತಿತು. 1973ರಲ್ಲಿ ಬಂಗಾಳದ ಬರ್ದ್ವಾನ್, ಬಾಂಕುರಾ ಜಿಲ್ಲೆಗಳಲ್ಲಿಯೂ 1970ರ ದಶಕದ ಕೊನೆಯಲ್ಲಿ ನಮ್ಮ ಕೋಲಾರದಲ್ಲಿಯೂ ರೋಗವು ದೊಡ್ಡದಾಗಿ ಕಾಣಿಸಿಕೊಂಡಿತು.

ಇದರ ಸಂಚಾರಕ್ರಮವು ವಿಚಿತ್ರವಾದುದು. ವೈರಸ್ಸಿನ ನಿಜವಾದ ಮನೆ ಬಕ, ಬೆಳ್ಳಕ್ಕಿ ಮೊದಲಾದ ನೀರುಹಕ್ಕಿಗಳ ಶರೀರ. ಹಕ್ಕಿಗೆ ಅದರಿಂದ ಬಾಧೆಯಿಲ್ಲ. ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯು ಹಕ್ಕಿಯನ್ನು ಕಚ್ಚಿ, ಬಳಿಕ ಹಂದಿಯನ್ನು ಕಚ್ಚಿದರೆ, ಹಂದಿಯ ರಕ್ತದಲ್ಲಿ ವೈರಸ್ಸು ಕೆಲವೇ ದಿನಗಳಲ್ಲಿ ಅಪರಿಮಿತವಾಗಿ ಹೆಚ್ಚುತ್ತದೆ. ಹಂದಿಯೂ ಮೇಲುನೋಟಕ್ಕೆ ಆರೋಗ್ಯವಾಗಿಯೇ ಇರುತ್ತದೆ. ಆ ಹಂದಿಯನ್ನು ಕಚ್ಚಿದ ಸೊಳ್ಳೆಯು ಸಂಜೆಯ ಮೇಲೆ ಅಂಗಳದಲ್ಲಿ ಮಲಗಿದ ಮಗುವನ್ನು ಕಚ್ಚಿದಾಗ ವೈರಸ್ಸು ಮಗುವನ್ನು ಸೇರುತ್ತದೆ. ಮನುಷ್ಯನ ರಕ್ತದಲ್ಲಿ ಅದು ಅಷ್ಟಾಗಿ ಬೆಳೆಯಲಾರದಾದ್ದರಿಂದ ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ಅಂಟುವುದಿಲ್ಲ. ಅದರ ದಾರಿ ಅಲ್ಲಿಗೆ ಮುಗಿಯಿತು. ದನಗಳ ರಕ್ತದಲ್ಲಿಯೂ ಹೀಗೆಯೇ. ಆದಕಾರಣ ಹಂದಿಗಳ ದೊಡ್ಡಿಯನ್ನು ಊರಿನಿಂದ ದೂರ ಇರಿಸಬೇಕೆಂದು ವೈದ್ಯರು ಹೇಳುವುದು ಬರಿಯ ಮಡಿಮೈಲಿಗೆಯ ಮಾತಲ್ಲ, ಲೆಕ್ಕವಿಟ್ಟ ಮಾತು.

ಇಲ್ಲಿ ಹಕ್ಕಿಗಳ ಪರವಾಗಿ ಒಂದು ಮಾತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಸಾವಿರಾರು ಕೊಕ್ಕರೆಗಳೂ ಬಕಗಳೂ ಜಾಲಿಮರಗಳ ಮೇಲೆ ಗೂಡು ಕಟ್ಟುತ್ತವೆ. 2024ರಲ್ಲಿ ಆ ಕೆರೆಗೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಯಲ್ಲಿ ಸ್ಥಾನವೂ ದೊರೆಯಿತು. ಮೇಲಿನ ಮಾತನ್ನು ಓದಿ ಯಾರಾದರೂ ಕಲ್ಲು ಹಿಡಿದು ಹಕ್ಕಿಗಳನ್ನು ಓಡಿಸಲು ಹೊರಟರೆ ಅದು ಅವಿವೇಕ. ಹಕ್ಕಿಯಿಂದ ಮಗುವಿಗೆ ನೇರವಾದ ದಾರಿಯೇ ಇಲ್ಲ. ನಡುವೆ ಸೊಳ್ಳೆ ಇರಬೇಕು. ರೋಗವು ಹೆಚ್ಚಬೇಕಾದರೆ ಬಹುಮಟ್ಟಿಗೆ ಹಂದಿಯೂ ಇರಬೇಕು. ಮುರಿಯಬೇಕಾದ ಕೊಂಡಿ ಹಕ್ಕಿಯದಲ್ಲ.

ಈ ವೈರಸ್ಸು ಹೊಕ್ಕ ಮಕ್ಕಳೆಲ್ಲರೂ ರೋಗಿಗಳಾಗುವುದಿಲ್ಲ. ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ರೋಗವು ಉಗ್ರವಾಗಿ ತಲೆಗೇರುತ್ತದೆ. ಉಳಿದವರಿಗೆ ಸಣ್ಣ ಜ್ವರ ಬಂದು ಹೋಗಬಹುದು, ಅದೂ ಬಾರದೆ ಇರಬಹುದು. ಆದರೆ ಆ ಒಬ್ಬರ ಪಾಡು ಕಠಿನ. ಜ್ವರ ಏರುವುದು, ತಲೆನೋವು, ವಾಂತಿ, ಕುತ್ತಿಗೆ ಸೆಟೆದುಕೊಳ್ಳುವುದು, ಫಿಟ್ಸು, ಪ್ರಜ್ಞೆ ತಪ್ಪುವುದು—ಇಷ್ಟೂ ಎರಡು ಮೂರು ದಿನಗಳೊಳಗೆ ನಡೆದುಹೋಗಬಹುದು. ಹೀಗೆ ಮೆದುಳಿಗೆ ಏರಿದವರಲ್ಲಿ ನೂರಕ್ಕೆ 30ರವರೆಗೂ ಸಾಯುತ್ತಾರೆ. ಬದುಕಿದವರಲ್ಲಿ ನೂರಕ್ಕೆ 20ರಿಂದ 30 ಮಂದಿಗೆ ಬುದ್ಧಿಮಾಂದ್ಯವೋ ಕೈಕಾಲಿನ ಊನವೋ ಮಾತಿನ ತೊಡಕೋ ಉಳಿದುಬಿಡುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧವು ಇದುವರೆಗೂ ದೊರೆತಿಲ್ಲ. ವೈದ್ಯರು ಮಾಡಬಲ್ಲುದು ಫಿಟ್ಸನ್ನು ತಡೆಯುವುದು, ಉಸಿರನ್ನು ಕಾಯುವುದು, ಮೆದುಳಿನ ಬಾವನ್ನು ಇಳಿಸಲು ಯತ್ನಿಸುವುದು.

ಬದುಕಿದವರ ವಿಷಯದಲ್ಲಿ ನಾವು ಕಣ್ಣಾರೆ ಕಂಡದ್ದುಂಟು. ನಾವು ಅಧ್ಯಾಪಕರಾಗಿದ್ದ ಕಾಲದಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗಿ ಶಬ್ದರೂಪಗಳನ್ನು ನೀರು ಕುಡಿದಷ್ಟು ಸುಲಭವಾಗಿ ಒಪ್ಪಿಸುತ್ತಿದ್ದಳು. ಮಳೆಗಾಲ ಮುಗಿಯುತ್ತಿದ್ದಂತೆ ಜ್ವರ ಬಂದು ಆಸ್ಪತ್ರೆ ಸೇರಿದವಳು ಎರಡು ತಿಂಗಳ ಮೇಲೆ ಶಾಲೆಗೆ ಬಂದಳು. ಎಂದಿನ ಜಾಗದಲ್ಲಿಯೇ ಕುಳಿತಳು, ಪುಸ್ತಕವನ್ನೂ ತೆರೆದಳು. ರಾಮಶಬ್ದವನ್ನು ಕೇಳಿದರೆ ಪ್ರಥಮಾ ವಿಭಕ್ತಿಯನ್ನು ಹೇಳಿ ನಿಂತು, ಮುಂದಿನದು ಬಾಗಿಲಿನ ಹೊರಗೆ ಇದೆಯೋ ಎಂಬಂತೆ ಅತ್ತ ನೋಡುತ್ತಿದ್ದಳು. ಬಲಗೈಯಲ್ಲಿ ಬಳಪ ನಿಲ್ಲುತ್ತಿರಲಿಲ್ಲ. ಅವಳ ತಂದೆ ತೋರಿಸಿದ ಆಸ್ಪತ್ರೆಯ ಚೀಟಿಯಲ್ಲಿ ಮೆದುಳುಜ್ವರ ಎಂದಷ್ಟೇ ಬರೆದಿತ್ತು. ಯಾವ ಕಾರಣದ ಮೆದುಳುಜ್ವರ ಎಂಬುದು ಬರೆದಿರಲಿಲ್ಲ.

ಈ ‘ಯಾವ ಕಾರಣ’ ಎಂಬ ಪ್ರಶ್ನೆಯು ಅಲ್ಪವಾದುದಲ್ಲ. ಮೆದುಳಿನ ಬಾವು ಹತ್ತಾರು ಕಾರಣಗಳಿಂದ ಬರಬಹುದು; ಹೊರಗೆ ಕಾಣುವ ಲಕ್ಷಣಗಳು ಹೆಚ್ಚುಕಡಮೆ ಒಂದೇ. ಬೆನ್ನುಹುರಿಯ ಸುತ್ತಲಿನ ದ್ರವವನ್ನಾಗಲಿ ರಕ್ತವನ್ನಾಗಲಿ ತೆಗೆದು, ಈ ವೈರಸ್ಸಿಗೆ ಇದಿರಾಗಿ ಶರೀರವು ಹೊಸದಾಗಿ ಮಾಡಿಕೊಂಡ ಪ್ರತಿಕಾಯಗಳು ಅದರಲ್ಲಿ ಇವೆಯೇ ಎಂದು ಪರೀಕ್ಷಿಸಿದಾಗಲೇ ಹೆಸರು ನಿಶ್ಚಯವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರವೈರಸ್ ವಿಭಾಗವು ಈ ಪರೀಕ್ಷೆಯ ವಿಷಯದಲ್ಲಿ ದೇಶಕ್ಕೇ ಮಾರ್ಗದರ್ಶಕವಾಗಿದೆ. ಸರಿಯಾದ ಹೆಸರಿನಿಂದ ರೋಗಿಗೆ ಏನು ಲಾಭವೆಂದು ಕೇಳುವವರಿಗೆ ಗೋರಖಪುರದ ನಿದರ್ಶನ ಸಾಕು. ಅಲ್ಲಿ ಬಹುಕಾಲ ಎಲ್ಲವನ್ನೂ ಜಪಾನೀ ಜ್ವರವೆಂದೇ ಎಣಿಸಲಾಗುತ್ತಿತ್ತು. ಚೆನ್ನಾಗಿ ಪರೀಕ್ಷಿಸಿ ನೋಡಿದ ಮೇಲೆ, ಮಳೆಗಾಲದ ಅನೇಕ ರೋಗಿಗಳಲ್ಲಿ ಇದ್ದದ್ದು ಹುಲ್ಲುಪೊದೆಗಳ ನುಸಿಹುಳದ ಮರಿಗಳಿಂದ ಬರುವ ಸ್ಕ್ರಬ್ ಟೈಫಸ್ ಎಂಬುದು ಹೊರಬಿತ್ತು. ಅದಕ್ಕೆ ಅಗ್ಗದ ಔಷಧವುಂಟು; ಹೊತ್ತಿಗೆ ಕೊಟ್ಟರೆ ಮಗು ಉಳಿಯುತ್ತದೆ.

ನಮ್ಮ ಪ್ರಾಚೀನರು ಈ ಫಿಟ್ಸಿನ ಜ್ವರಗಳನ್ನು ಕಾಣದೆ ಇರಲಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಒಂಬತ್ತು ಬಾಲಗ್ರಹಗಳು ಹೇಳಲ್ಪಟ್ಟಿವೆ. ಸ್ಕಂದ, ರೇವತೀ, ಪೂತನಾ ಮೊದಲಾದ ಅವುಗಳಲ್ಲಿ ಶಕುನೀ ಎಂಬುದೂ ಒಂದು. ಶಕುನಿಯೆಂದರೆ ಹಕ್ಕಿ. ಇಷ್ಟನ್ನೇ ಹಿಡಿದುಕೊಂಡು ಬೆಳ್ಳಕ್ಕಿಯ ವೈರಸ್ಸು ಸುಶ್ರುತನಿಗೆ ಗೊತ್ತಿತ್ತೆಂದು ಸಾಧಿಸಲು ಹೊರಡುವ ಪಂಡಿತರು ಇದ್ದಾರು. ಅವರ ಜೊತೆಗೆ ನಾವು ಹೋಗಲಾರೆವು. ಆ ಗ್ರಂಥಕಾರರು ಮಕ್ಕಳ ಕಣ್ಣು, ಕೈಕಾಲು, ಅಳು, ವಾಸನೆಗಳನ್ನು ಎಷ್ಟು ಎಚ್ಚರದಿಂದ ನೋಡಿ ಬರೆದಿಟ್ಟರು ಎಂಬುದೇ ಅವರ ಹಿರಿಮೆಗೆ ಸಾಕು. ಕಾರಣವನ್ನು ತೋರಿಸುವ ಸಾಧನ ಅವರ ಕೈಯಲ್ಲಿರಲಿಲ್ಲ. ನಮ್ಮ ಕಾಲದಲ್ಲಿ ಅದು ಇದೆ. ಇದ್ದೂ ಫಿಟ್ಸು ಬಂದ ಕೂಸನ್ನು ಮೊದಲು ಗ್ರಹ ಬಿಡಿಸುವವನ ಮನೆಗೆ ಒಯ್ದು, ಒಂದು ರಾತ್ರಿ ಕಳೆದ ಮೇಲೆ ಬಳ್ಳಾರಿಗೋ ದಾವಣಗೆರೆಗೋ ಹೊರಡುವುದಿದೆಯಷ್ಟೆ, ಆ ಒಂದು ರಾತ್ರಿಗೆ ಕೊಡಬೇಕಾದ ಬೆಲೆ ದೊಡ್ಡದು.

ಔಷಧವಿಲ್ಲದ ಈ ಜ್ವರಕ್ಕೆ ತಡೆಯುಂಟು, ಅದೇ ಲಸಿಕೆ. ಹಿಂದೆ ಹಿಮಾಚಲದ ಕಸೌಲಿಯಲ್ಲಿ ಇಲಿಯ ಮೆದುಳಿನಿಂದ ಲಸಿಕೆಯನ್ನು ತಯಾರಿಸುತ್ತಿದ್ದರು. ಅದನ್ನು ಅನೇಕ ಸಲ ಚುಚ್ಚಬೇಕಾಗಿತ್ತು. ದೇಶದ ಮಕ್ಕಳಿಗೆಲ್ಲ ಸಾಲುವಷ್ಟು ದೊರೆಯುತ್ತಲೂ ಇರಲಿಲ್ಲ. 2005ರಲ್ಲಿ ಗೋರಖಪುರದ ಸೀಮೆಯಲ್ಲಿ ಸಾವಿರಕ್ಕೂ ಮೀರಿ ಜೀವಗಳು, ಬಹುಪಾಲು ಮಕ್ಕಳವು, ಹೋದ ಮೇಲೆ ಸರ್ಕಾರವು ಎಚ್ಚೆತ್ತು, ಚೀನಾ ದೇಶದಲ್ಲಿ ತಯಾರಾದ ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆಯನ್ನು ತರಿಸಿತು. 2006ರಲ್ಲಿ ನಾಲ್ಕು ರಾಜ್ಯಗಳ 11 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅದನ್ನು ಹಾಕಿಸಿದರು. ಕರ್ನಾಟಕದಿಂದ ಆ ಮೊದಲ ಪಟ್ಟಿಗೆ ಸೇರಿದ್ದು ಒಂದೇ ಜಿಲ್ಲೆ, ಬಳ್ಳಾರಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳು ಆಗ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದುವು. ಹರಪನಹಳ್ಳಿ ಇರಲಿಲ್ಲ. 1997ರಲ್ಲಿ ಅದನ್ನು ದಾವಣಗೆರೆಗೆ ಸೇರಿಸಿದ್ದರು. ಅದು ಬಳ್ಳಾರಿಗೆ ಮರಳಿದ್ದು 2018ರಲ್ಲಿ, ಅಲ್ಲಿಂದ ವಿಜಯನಗರ ಜಿಲ್ಲೆಗೆ ಸೇರಿದ್ದು 2021ರಲ್ಲಿ. ಹೀಗಾಗಿ ಹಡಗಲಿಯ ಒಂದು ಹಳ್ಳಿಗೂ ಅದರ ಪಕ್ಕದ ಹರಪನಹಳ್ಳಿಯ ಹಳ್ಳಿಗೂ ನಡುವೆ ಇದ್ದದ್ದು ಒಂದು ಬದು, ಎರಡು ಕಡೆಯೂ ಅದೇ ಹೊಳೆ, ಅದೇ ಬತ್ತ, ಅದೇ ಸೊಳ್ಳೆ. ಆದರೆ ಆ ಮೊದಲ ಸುತ್ತಿನ ಪಟ್ಟಿಯು ಬದುವಿನ ಈಚೆಗೇ ನಿಂತಿತು. ಎಲ್ಲಿಂದಲೋ ಒಂದು ಕಡೆಯಿಂದ ಆರಂಭಿಸಬೇಕಾಗಿದ್ದ ಕಾರ್ಯವಾದ್ದರಿಂದ ಇದನ್ನು ದೂರೆಂದು ಹೇಳುತ್ತಿಲ್ಲ. ಸೊಳ್ಳೆಗೆ ಕಂದಾಯ ಇಲಾಖೆಯ ನಕ್ಷೆ ತಿಳಿಯದು ಎಂಬುದನ್ನು ಮಾತ್ರ ಅಧಿಕಾರಿಗಳು ನೆನಪಿಡಬೇಕು. ಮುಂದೆ ಲಸಿಕೆಯು ಬೇರೆ ಬೇರೆ ಜಿಲ್ಲೆಗಳಿಗೆ ಹರಡಿತು. 2022ರ ಡಿಸೆಂಬರಿನಲ್ಲಿ ಕರ್ನಾಟಕದ ಇನ್ನೂ ಹತ್ತು ಜಿಲ್ಲೆಗಳಲ್ಲಿ ಸುಮಾರು 48 ಲಕ್ಷ ಮಕ್ಕಳಿಗೆ ಹಾಕುವ ಕಾರ್ಯವು ಮೊದಲಾಯಿತು.

ಈ ನಡುವೆ ನಮ್ಮ ದೇಶದ್ದೇ ಆದ ಲಸಿಕೆಯೂ ಸಿದ್ಧವಾಯಿತು. 1980ರ ದಶಕದ ಮೊದಲಿನಲ್ಲಿ ಪುಣೆಯ ವಿಜ್ಞಾನಿಗಳು ಕೋಲಾರದ ಒಬ್ಬ ರೋಗಿಯಿಂದ ಪಡೆದ ವೈರಸ್ಸನ್ನು ಜೋಪಾನವಾಗಿ ಇರಿಸಿಕೊಂಡಿದ್ದರು. ಮೂವತ್ತು ವರ್ಷಗಳ ಮೇಲೆ, ಆ ಕೋಲಾರದ ತಳಿಯನ್ನೇ ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಬೆಳೆಸಿ, ಕೊಂದು, ಶುದ್ಧಮಾಡಿ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯು ಲಸಿಕೆಯನ್ನು ಮಾಡಿತು. 2013ರ ಅಕ್ಟೋಬರಿನಲ್ಲಿ ಜೆನ್‌ವ್ಯಾಕ್ ಎಂಬ ಹೆಸರಿನಿಂದ ಅದು ಹೊರಬಂದಿತು. ಆ ರೋಗಿ ಯಾರೋ, ಉಳಿದರೋ ಇಲ್ಲವೋ, ಅದನ್ನು ಲೋಕವು ಕೇಳಲಿಲ್ಲ. ಆ ದೇಹದಿಂದ ತೆಗೆದ ಕೆಲವು ಹನಿಗಳ ಋಣವಂತೂ ದೇಶದ ಮಕ್ಕಳ ಮೇಲೆ ಇದೆ.

ಇನ್ನು ರಕ್ತವನ್ನು ಕೆಡಿಸುವ ಜ್ವರ. ಡೆಂಗಿಯ ಸೊಳ್ಳೆಯಾದ ಈಡಿಸ್ ಗದ್ದೆಯ ಕಡೆಗೆ ತಲೆಹಾಕುವುದಿಲ್ಲ. ಮನೆಯೊಳಗಿನ ತಿಳಿನೀರೇ ಅದಕ್ಕೆ ಪ್ರಿಯ. ಕಚ್ಚುವುದೂ ಹಗಲು ಹೊತ್ತಿನಲ್ಲಿ. ಕೂಡ್ಲಿಗಿ, ಕೊಟ್ಟೂರುಗಳಂಥ ಒಣಸೀಮೆಯಲ್ಲಿ ಡೆಂಗಿ ಹೇಗೆ ಬಂದೀತೆಂದು ಆಶ್ಚರ್ಯಪಡುವವರು ನಮ್ಮ ಡ್ರಮ್ಮುಗಳನ್ನು ನೋಡಿಲ್ಲ. ಬರಗಾಲವೇ ಇದಕ್ಕೆ ಮಳೆಗಾಲ. ಪಾತ್ರೆಯ ಒಳಗೋಡೆಗೆ ಅಂಟಿಸಿದ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೀರು ಬಿದ್ದ ಮೇಲೆ ಏಳರಿಂದ ಹತ್ತು ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತದೆ. ವಾರಕ್ಕೊಮ್ಮೆ ಡ್ರಮ್ಮನ್ನು ಬರಿದುಮಾಡಿ ಒಳಗೋಡೆಯನ್ನು ನಾರಿನಿಂದ ಉಜ್ಜಿ ತೊಳೆಯಿರಿ ಎಂದು ಆಶಾ ಕಾರ್ಯಕರ್ತೆಯರು ಹೇಳುವುದು ಈ ಲೆಕ್ಕದ ಮೇಲೆ. ಬರಿದೆ ನೀರು ಚೆಲ್ಲಿದರೆ ಮೊಟ್ಟೆಗಳು ಅಲ್ಲಿಯೇ ಇರುತ್ತವೆ.

ಡೆಂಗಿಯಲ್ಲಿ ನಾಲ್ಕು ತಳಿಗಳುಂಟು. ಒಂದು ತಳಿಯಿಂದ ಒಮ್ಮೆ ಜ್ವರ ಬಂದು ಹೋದ ಮಗುವಿಗೆ ಆ ತಳಿಯಿಂದ ಮತ್ತೆ ಭಯವಿಲ್ಲ; ಬೇರೆ ತಳಿಯಿಂದ ಬಂದಾಗಲೇ ರೋಗವು ಉಗ್ರವಾಗುವುದು ಹೆಚ್ಚು. ಒಮ್ಮೆ ಬಂದ ರೋಗವು ಕಾಪಾಡಬೇಕಷ್ಟೆ. ಇಲ್ಲಿ ಅದು ಕೆಡುಕಿಗೆ ದಾರಿಮಾಡುತ್ತದೆ. ಈ ವಿಪರೀತವನ್ನು 1960ರ ದಶಕದಲ್ಲಿ ಬ್ಯಾಂಕಾಕಿನ ಮಕ್ಕಳಲ್ಲಿ ಕಂಡುಹಿಡಿದವನು ಸ್ಕಾಟ್ ಹ್ಯಾಲ್‌ಸ್ಟೆಡ್ ಎಂಬ ಅಮೆರಿಕದ ವೈದ್ಯನು. ಒಂದು ವರ್ಷದೊಳಗಿನ ಕೂಸುಗಳಿಗೆ ಮೊದಲ ಸಲದ ಜ್ವರವೇ ಉಗ್ರವಾಗುವುದನ್ನೂ ಅವನು ನೋಡಿದನು. ತಾಯಿಗೆ ಹಿಂದೆ ಬಂದಿದ್ದ ಡೆಂಗಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಕೂಸಿಗೆ ಬಂದಿರುತ್ತವೆ. ಅವು ಕ್ಷೀಣಿಸುತ್ತ ಬಂದಾಗ ವೈರಸ್ಸನ್ನು ಕೊಲ್ಲಲಾರವು, ಅದು ಜೀವಕೋಶವನ್ನು ಹೊಗುವುದಕ್ಕೆ ಮಾತ್ರ ನೆರವಾಗುತ್ತವೆ. ಲಸಿಕೆಯ ಕೆಲಸ ಕಷ್ಟವಾದದ್ದೂ ಇದರಿಂದಲೇ. ಫಿಲಿಪ್ಪೀನ್ಸ್ ದೇಶದಲ್ಲಿ 2016ರಿಂದ ಎಂಟು ಲಕ್ಷಕ್ಕೂ ಮೀರಿದ ಶಾಲಾಮಕ್ಕಳಿಗೆ ಒಂದು ಲಸಿಕೆಯನ್ನು ಹಾಕಿ, ಹಿಂದೆ ಡೆಂಗಿ ಬಾರದಿದ್ದ ಮಕ್ಕಳಿಗೆ ಅದರಿಂದ ಮುಂದೆ ರೋಗವು ಉಗ್ರವಾಗಬಹುದೆಂದು ತಿಳಿದು 2017ರ ಕೊನೆಯಲ್ಲಿ ನಿಲ್ಲಿಸಬೇಕಾಯಿತು. ನಮ್ಮ ದೇಶದ ಲಸಿಕೆಯ ಕಡೆಯ ಹಂತದ ಪರೀಕ್ಷೆಯು ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ 2024ರ ಆಗಸ್ಟಿನಲ್ಲಿ ಆರಂಭವಾದದ್ದು. ಇಲ್ಲಿ ಅವಸರ ಸಲ್ಲದೆಂಬುದಕ್ಕೆ ಫಿಲಿಪ್ಪೀನ್ಸಿನ ಪಾಠವೇ ಸಾಕ್ಷಿ.

ಡೆಂಗಿ ಬಂದ ಮನೆಯಲ್ಲಿ ಎಲ್ಲರ ಬಾಯಲ್ಲಿಯೂ ಒಂದೇ ಮಾತು: ಪ್ಲೇಟ್ಲೆಟ್ ಎಷ್ಟು? ರಕ್ತವು ಹೆಪ್ಪುಗಟ್ಟಲು ನೆರವಾಗುವ ಈ ಕಣಗಳು ಆರೋಗ್ಯವಂತರಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇದ್ದು, ಡೆಂಗಿಯಲ್ಲಿ ಬಹಳ ಇಳಿಯುವುದು ನಿಜ. ಆದರೆ ಮಕ್ಕಳ ಜೀವಕ್ಕೆ ಎರವಾಗುವುದು ಹೆಚ್ಚಾಗಿ ಬೇರೊಂದು ಸಂಗತಿ. ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನಂಶವು ಹೊರಗೆ ಸೋರುತ್ತದೆ. ಉಳಿದ ರಕ್ತವು ಗಟ್ಟಿಯಾಗುತ್ತದೆ. ಅಂಗಾಂಗಗಳಿಗೆ ರಕ್ತ ಸಾಲದೆ ಮಗು ತಣ್ಣಗಾಗುತ್ತದೆ. ಆದ್ದರಿಂದ ಬಲ್ಲ ವೈದ್ಯರು ಪ್ಲೇಟ್ಲೆಟ್ಟಿನೊಡನೆ ರಕ್ತದ ಗಟ್ಟಿತನವನ್ನೂ ಮತ್ತೆ ಮತ್ತೆ ಅಳೆದು, ಹನಿಹನಿಯಾಗಿ ಲೆಕ್ಕಮಾಡಿ ದ್ರವವನ್ನು ಕೊಡುತ್ತಾರೆ. ಈ ಕ್ರಮದಿಂದಲೇ ಬ್ಯಾಂಕಾಕಿನ ಮಕ್ಕಳ ಆಸ್ಪತ್ರೆಯಲ್ಲಿ ಸುಚಿತ್ರಾ ನಿಮ್ಮನ್ನಿತ್ಯ ಎಂಬ ವೈದ್ಯೆಯು ಸಾವಿನ ಪ್ರಮಾಣವನ್ನು ಬಹಳವಾಗಿ ಇಳಿಸಿದಳು. ರಕ್ತಸ್ರಾವವಿಲ್ಲದವರಿಗೆ ಮುನ್ನೆಚ್ಚರಿಕೆಯೆಂದು ಪ್ಲೇಟ್ಲೆಟ್ ಏರಿಸುವುದರಿಂದ ಲಾಭವಿಲ್ಲವೆಂದು ಸಿಂಗಪುರ, ಮಲೇಷ್ಯಾಗಳಲ್ಲಿ ವಯಸ್ಕರ ಮೇಲೆ ನಡೆಸಿದ ಪರೀಕ್ಷೆಯು 2017ರಲ್ಲಿ ಪ್ರಕಟವಾಯಿತು. ಹಾಗಿದ್ದೂ ಪ್ಲೇಟ್ಲೆಟ್ ಚೀಲಕ್ಕಾಗಿ ಹೊಲವನ್ನು ಒತ್ತೆಯಿಡುವವರನ್ನು ನಾವು ಬಲ್ಲೆವು.

ತಾಯಂದಿರು ತಿಳಿದಿರಬೇಕಾದ ಮುಖ್ಯವಾದ ವಿಷಯವೆಂದರೆ, ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗಲ್ಲ, ಇಳಿದಾಗ. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಬಿಟ್ಟು, ಮನೆಯವರೆಲ್ಲರೂ ಉಸ್ಸೆಂದು ಕುಳಿತಾಗಲೇ ಸೋರುವಿಕೆ ಆರಂಭವಾಗಬಹುದು. ಮುಂದಿನ ಒಂದೆರಡು ದಿನ ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ತೀವ್ರವಾದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿಯೋ ಮೂಗಿನಲ್ಲಿಯೋ ರಕ್ತ, ತಣ್ಣನೆಯ ಕೈಕಾಲು, ಮಂಕು ಅಥವಾ ಚಡಪಡಿಕೆ, ಮೂತ್ರ ಕಡಮೆಯಾಗುವುದು—ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಸ್ಪತ್ರೆಗೆ ಹೊರಡತಕ್ಕದ್ದು. ಅದಕ್ಕೆ ಮುಂಚೆ ಗಂಜಿ, ಎಳನೀರು, ಓಆರ್‌ಎಸ್ ದ್ರಾವಣಗಳನ್ನು ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿರಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ತೂಕಕ್ಕೆ ತಕ್ಕಷ್ಟು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಕೊಡಕೂಡದು.

ಮೆದುಳುಜ್ವರದ ಲಸಿಕೆಯನ್ನು ಈಗ ಎರಡು ಸಲ ಹಾಕುತ್ತಾರೆ: ಒಂಬತ್ತು ತಿಂಗಳು ತುಂಬಿದ ಮೇಲೆ ವರ್ಷದೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ. ಎರಡೂ ಸಲ ದಡಾರದ ಸೂಜಿಯ ಜೊತೆಗೇ ಬರುವುದು, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಧರ್ಮಾರ್ಥವಾಗಿ. ಮೊದಲನೆಯದು ತಪ್ಪುವುದು ಕಡಮೆ. ಎರಡನೆಯದರ ಹೊತ್ತಿಗೆ ನಮ್ಮ ಒಣಸೀಮೆಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಸುಗ್ಗಿ ಮುಗಿದ ಮೇಲೆ ದುಡಿಮೆಗಾಗಿ ಗುಳೆ ಹೊರಡುವಾಗ ಕೂಸು ತಾಯಿಯ ಸೊಂಟದ ಮೇಲೆಯೇ ಹೋಗಬೇಕಷ್ಟೆ. ಕೆಲವರು ಹೋಗುವುದು ಕಾಲುವೆಯ ಬತ್ತದ ಸೀಮೆಗೇ. ಅಂದರೆ ಲಸಿಕೆ ಅರ್ಧವಾದ ಕೂಸು ಸೊಳ್ಳೆಯ ಬಾಯಿಗೇ ಹೋಯಿತು. ಈ ಲಸಿಕೆಯನ್ನು ಎಲ್ಲ ಜಿಲ್ಲೆಗಳಲ್ಲಿಯೂ ಕೊಡುವುದಿಲ್ಲವಾದಕಾರಣ ಹೋದ ಊರಿನಲ್ಲಿ ಹಾಕಿಸಿದರಾಯಿತೆಂದು ನಂಬಿ ಹೊರಡುವಂತಿಲ್ಲ. ಗಂಟುಮೂಟೆ ಕಟ್ಟುವ ಮೊದಲು ತಾಯಿಕಾರ್ಡನ್ನು ತೆಗೆದುಕೊಂಡು ಹೋಗಿ ಊರಿನ ಆರೋಗ್ಯ ಸಹಾಯಕಿಯನ್ನು ಕಾಣಬೇಕು. 16 ತಿಂಗಳು ತುಂಬಿದ್ದರೆ ಅಂದೇ ಹಾಕಿಸಿಕೊಳ್ಳಬಹುದು. ತುಂಬದಿದ್ದರೆ ಮರಳಿ ಬಂದ ಮೇಲಾದರೂ ಹಾಕಿಸತಕ್ಕದ್ದು. ತಪ್ಪಿದ ಸೂಜಿಯನ್ನು 15 ವರ್ಷದವರೆಗೂ ಹಾಕಲು ಅವಕಾಶವುಂಟು; ಆ ಕಾರ್ಡನ್ನು ಮಾತ್ರ ಕಳೆಯದೆ ಇರಿಸಿಕೊಂಡಿರಬೇಕು.